ಕೇಳುವುದು ಒಬ್ಬರು, ದಾರಿ ಎಲ್ಲರದು

ನಮ್ಮ ಕೇಬಲ್ ಟಿವಿಯ ಕಂಟ್ರೋಲ್ ರೂಮ್ ಇದ್ದದ್ದು ಹಳೆಯ ಅಡಿಕೆ ಗೋದಾಮಿನ ಒಂದು ಮೂಲೆಯಲ್ಲಿ. 1994ರಲ್ಲಿ ಅದರ ಆಸ್ತಿ ಇಷ್ಟೇ: ಅಂಗಳದಲ್ಲೊಂದು ದೊಡ್ಡ ಡಿಶ್, ಒಳಗೆ ನಾಲ್ಕು ರಿಸೀವರ್, ಎರಡು ವಿಸಿಆರ್, ಒಂದು ಟೆಲಿಫೋನ್. ಕಾವಲಿಗೆ ನಾನು. ಕಾಸರಗೋಡಿನ ಪುತ್ತಿಗೆಯ ಸುತ್ತಿನ ನೂರಿಪ್ಪತ್ತು ಮನೆಗಳಿಗೆ ಅಲ್ಲಿಂದ ಕಪ್ಪು ವಯರು ಕಂಗಿನಿಂದ ಕಂಗಿಗೆ ಜಿಗಿದು ಹೋಗುತ್ತಿತ್ತು. ಶನಿವಾರ ಸಂಜೆಯಾದರೆ ಫೋನು ಬಡಿಯಲು ಶುರು.

"ಎಂತ ಮಾರಾಯ, ರಾಜ್‌ಕುಮಾರ್‌ದು ಒಂದು ಹಾಕು."

ಐದು ನಿಮಿಷ ಬಿಟ್ಟು ಇನ್ನೊಂದು ಮನೆಯಿಂದ, "ಅಣ್ಣಾ, ಮೋಹನ್‌ಲಾಲ್‌ದು ಇಲ್ವಾ ಇವತ್ತು?"

ಕುಂಬಳೆಯ ಕ್ಯಾಸೆಟ್ ಅಂಗಡಿಯಿಂದ ದಿನಕ್ಕೆ ಹತ್ತು ರೂಪಾಯಿ ಬಾಡಿಗೆಗೆ ತಂದ ಕ್ಯಾಸೆಟ್ಟುಗಳು ನನ್ನಲ್ಲಿದ್ದವು. ಒಂದು ವಿಸಿಆರ್‌ನಲ್ಲಿ ಕನ್ನಡ, ಇನ್ನೊಂದರಲ್ಲಿ ಮಲಯಾಳಂ. ಮೂರನೆಯವರು ಫೋನು ಮಾಡಿ ಹಿಂದಿ ಕೇಳಿದರೆ ನನ್ನ ವ್ಯವಸ್ಥೆ ಮುಗಿಯಿತು. ಹಾಕಿದ ಸಿನಿಮಾ ಅರ್ಧಕ್ಕೆ ಬಂದಾಗ ಒಬ್ಬರು ಊಟ ಮುಗಿಸಿ ಬಂದು "ಶುರುವಿಂದ ಇನ್ನೊಮ್ಮೆ ಹಾಕು" ಎಂದರೆ ಉಳಿದ ನೂರಹತ್ತೊಂಬತ್ತು ಮನೆಗಳಿಗೆ ಏನು ಹೇಳುವುದು? ಕೇಳಿದವರಿಗೆ ಕೇಳಿದ್ದನ್ನು ಕೇಳಿದಾಗ ಕೊಡಬೇಕಾದರೆ ಮನೆಗೊಂದು ವಿಸಿಆರ್ ಬೇಕು, ಮನೆಗೊಂದು ವಯರೂ ಬೇಕು ಎಂದು ಆಗ ತಮಾಷೆಗೆ ಹೇಳುತ್ತಿದ್ದೆ.

ಅದೇ 1994ರ ಡಿಸೆಂಬರಿನಲ್ಲಿ ಅಮೆರಿಕದ ಒರ್ಲಾಂಡೊದಲ್ಲಿ ಟೈಮ್ ವಾರ್ನರ್ ಕಂಪೆನಿ ಈ ತಮಾಷೆಯನ್ನೇ ನಿಜ ಮಾಡಲು ಹೊರಟಿತ್ತು ಎಂದು ಎಷ್ಟೋ ವರ್ಷಗಳ ನಂತರ ಓದಿ ತಿಳಿದೆ. ದೊಡ್ಡ ಕಂಪ್ಯೂಟರುಗಳಲ್ಲಿ ಸಿನಿಮಾ ತುಂಬಿಸಿ, ಸುಮಾರು 4,000 ಮನೆಗಳಿಗೆ ಬೇಕಾದವರಿಗೆ ಬೇಕಾದಾಗ ಕೊಡುವ ಯೋಜನೆ ಅದು. ಚಿತ್ರ ನಿಲ್ಲಿಸಬಹುದಿತ್ತು, ಹಿಂದಕ್ಕೆ ಓಡಿಸಬಹುದಿತ್ತು. ಕೆಲಸವೂ ಮಾಡಿತು. ಆದರೆ ಖರ್ಚು ತಾಳದೆ 1997ರಲ್ಲಿ ಮುಚ್ಚಿತು. ನನ್ನ ವಿಸಿಆರ್‌ಗಳೂ ಹೆಚ್ಚು ಕಾಲ ಬಾಳಲಿಲ್ಲ. ಬಾಡಿಗೆ ಕ್ಯಾಸೆಟ್ಟನ್ನು ಊರಿಗೆಲ್ಲ ತೋರಿಸುವುದು ಕಾನೂನಿಗೆ ಸರಿಯಾದ ಕೆಲಸವಲ್ಲ. 1995ರ ಕೇಬಲ್ ಕಾಯ್ದೆ ಬಂದು, ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಂಡ ಮೇಲೆ ಅವು ಮೂಲೆ ಸೇರಿದವು.

ಆಮೇಲಿನ ಇಪ್ಪತ್ತು ವರ್ಷ ನನ್ನ ಜಗಳವೆಲ್ಲ ಜಾಗದ್ದು. ಹಳೆಯ ಕೇಬಲ್ಲಿನಲ್ಲಿ ಒಂದು ಚಾನೆಲ್‌ಗೆ 7 ಮೆಗಾಹರ್ಟ್ಸ್ ಬೇಕು, ನಮ್ಮ ಆಂಪ್ಲಿಫೈಯರ್‌ಗಳ ಮಿತಿ 300. ಲೆಕ್ಕ ಹಾಕಿದರೆ ಮೂವತ್ತು ಚಿಲ್ಲರೆ ಚಾನೆಲ್, ಅಷ್ಟೇ. 1993ರಲ್ಲಿ ಏಷ್ಯಾನೆಟ್, 1994ರಲ್ಲಿ ಉದಯ ಬಂದಾಗ ಇಬ್ಬರಿಗೂ ಚಾಪೆ ಹಾಸಿದೆವು. ಆಮೇಲೆ ಬಂದ ಒಂದೊಂದು ಹೊಸ ಚಾನೆಲ್ಲೂ ಇನ್ನೊಂದನ್ನು ಎಬ್ಬಿಸಿಯೇ ಕೂರಬೇಕು. ಮಲಯಾಳಂ ವಾರ್ತೆ ತೆಗೆದರೆ ಒಂದು ಮನೆಯವರ ಸಿಟ್ಟು, ಕನ್ನಡ ಧಾರಾವಾಹಿ ತೆಗೆದರೆ ಪಕ್ಕದ ಮನೆಯವರದು. ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಎರಡೂ ಬೇಕು. 2017ರ ಮಾರ್ಚ್ 31ಕ್ಕೆ ಹಳ್ಳಿಗಳಲ್ಲೂ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾದಾಗ ಜಾಗದ ಜಗಳ ಮುಗಿಯಿತು, ಏಕೆಂದರೆ ಡಿಜಿಟಲ್‌ನಲ್ಲಿ ಮೊದಲು ಒಂದು ಚಾನೆಲ್ ಇದ್ದ ಜಾಗದಲ್ಲಿ ಹತ್ತು ಚಾನೆಲ್ ಹಿಡಿಯುತ್ತವೆ. 2019ರ ಹೊಸ ದರಪದ್ಧತಿಯಲ್ಲಿ ಚಾನೆಲ್‌ಗಳನ್ನು ಗ್ರಾಹಕರೇ ಆರಿಸಬೇಕಾಗಿ ಬಂದಾಗ ಬಿಲ್ಲಿನ ಜಗಳ ಶುರುವಾಯಿತು. ಎರಡು ಭಾಷೆಯ ಮನೆಗೆ ಎರಡು ಭಾಷೆಯ ಪ್ಯಾಕು.

ಅಷ್ಟರಲ್ಲಿ ಮಕ್ಕಳು ಟಿವಿಯನ್ನೇ ಬಿಟ್ಟು ಮೊಬೈಲಿಗೆ ಹೋಗಿಯಾಗಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲಂತೂ ಕೇಳುವುದೇ ಬೇಡ. ಗುಡ್ಡೆಯ ಮೇಲೆ ರೇಂಜ್ ಇತ್ತು, ತೋಟದ ಕೆಳಗಿನ ಮನೆಗಳಿಗೆ ಇರಲಿಲ್ಲ. ಆ ಕೆಳಗಿನ ಮನೆಗಳನ್ನು ನಂಬಿ ನಾನು ಸಾಲ ಮಾಡಿ ಫೈಬರ್ ಎಳೆದೆ. ಒಂದು ಕೂದಲೆಳೆಯ ಗಾಜು, ಅದರಲ್ಲಿ ಮೂರು ಬಣ್ಣದ ಬೆಳಕು: ಇಂಟರ್ನೆಟ್ ಇಳಿಯಲು ಒಂದು, ಏರಲು ಒಂದು, ಟಿವಿ ಚಾನೆಲ್‌ಗಳಿಗೆ ಮತ್ತೊಂದು. ಮನೆಗೊಂದು ವಯರು ಎಂದು ಹಿಂದೆ ಹೇಳಿದ ತಮಾಷೆ ನಿಜವಾಯಿತು ಎಂದುಕೊಂಡೆ. ಮೊದಲ ತಪ್ಪು ಅಲ್ಲೇ ಆಯಿತು.

ಕೇಬಲ್ಲಿನವನಿಗೆ ಒಂದು ಸುಖವಿತ್ತು. ಊರಿನಲ್ಲಿ ಒಂದು ಟಿವಿ ಹೊತ್ತಿದರೂ, ಎಲ್ಲ ಟಿವಿ ಹೊತ್ತಿದರೂ ಅವನ ಮೇಲೆ ಬೀಳುವ ಭಾರ ಒಂದೇ. ಕೇಳಿದಾಗ ಕೊಡುವ ವ್ಯವಸ್ಥೆಯಲ್ಲಿ ಹಾಗಲ್ಲ. ನೋಡುವ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ ಬೇರೆಯಾಗಿಯೇ ಬರಬೇಕು. ನನ್ನ ಕೋಣೆಯಿಂದ ಮನೆಗಳವರೆಗಿನ ದಾರಿಗೆ ತೊಂದರೆಯಿರಲಿಲ್ಲ. ಒಂದು ಎಳೆಯಲ್ಲಿ ಇಳಿಯುವುದು 2.5 ಗಿಗಾಬಿಟ್, ಅದನ್ನು ಹಂಚಿಕೊಳ್ಳುವುದು 64 ಮನೆ. ಒಂದೊಂದು ಮನೆಯೂ 5 ಮೆಗಾಬಿಟ್‌ನ ಒಳ್ಳೆಯ ಚಿತ್ರ ನೋಡಿದರೂ 320 ಆಯಿತು, ದಾರಿ ಖಾಲಿಯೇ ಬಿದ್ದಿತ್ತು. ಇಕ್ಕಟ್ಟು ಇದ್ದದ್ದು ಅದರ ಹಿಂದೆ, ನಾನು ದೊಡ್ಡ ಕಂಪೆನಿಯೊಂದರಿಂದ ದುಡ್ಡು ಕೊಟ್ಟು ತರುತ್ತಿದ್ದ 500 ಮೆಗಾಬಿಟ್‌ನಲ್ಲಿ. ಮನೆಗಳು 280 ಆದವು. ಎಲ್ಲರೂ ಒಂದೇ ಹೊತ್ತಿಗೆ ನಳ್ಳಿ ತಿರುಗಿಸುವುದಿಲ್ಲ ಎಂದು ನಂಬಿದ್ದೆ. ರಾತ್ರಿ ಎಂಟಕ್ಕೆ ದೀಪ ಹಚ್ಚಿ, ಊಟ ಮಾಡಿ, ಎಲ್ಲರೂ ಒಂದೇ ಹೊತ್ತಿಗೆ ತಿರುಗಿಸಿದರು.

ಆ ಇಕ್ಕಟ್ಟು ನನ್ನ ಕಣ್ಣಿಗೆ ಬೀಳಲು ತಿಂಗಳೇ ಬೇಕಾಯಿತು. ಅದಕ್ಕೆ ಕಾರಣ ಈಗಿನ ವಿಡಿಯೋದ ಜಾಣತನ. ಆಪಲ್ ಕಂಪೆನಿ 2009ರಲ್ಲಿ ತಂದ ಪದ್ಧತಿಯಲ್ಲಿ ಚಿತ್ರವನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ನಾಲ್ಕಾರು ದರ್ಜೆಯಲ್ಲಿ ಮಾಡಿಟ್ಟಿರುತ್ತಾರೆ. ದಾರಿ ಅಗಲವಿದ್ದರೆ ಫೋನು ದೊಡ್ಡ ತುಂಡು ತರಿಸಿಕೊಳ್ಳುತ್ತದೆ, ಇಕ್ಕಟ್ಟಾದರೆ ಸಣ್ಣದು. ಹಾಗಾಗಿ ಮೊದಲು ಚಿತ್ರ ನಿಲ್ಲುವುದಿಲ್ಲ, ಮಂಜಾಗುತ್ತದೆ. ಅಂಗಡಿಮೊಗರಿನ ಕಡೆಯ ಒಬ್ಬರು ತಮ್ಮ ಕಣ್ಣಿನ ಪರೀಕ್ಷೆಯನ್ನೇ ಮಾಡಿಸಿಕೊಂಡು ಬಂದಿದ್ದರು. "ಉರುಟು ತಿರುಗುತ್ತಾ ಉಂಟು" ಎಂಬ ದೂರು ಬರುವ ಹೊತ್ತಿಗೆ ಕಾಯಿಲೆ ಹಳೆಯದಾಗಿರುತ್ತದೆ. ಅಂದಿನಿಂದ ನಾನು ದೂರಿಗೆ ಕಾಯುವುದಿಲ್ಲ. ರಾತ್ರಿ ಎಂಟರಿಂದ ಹತ್ತೂವರೆಯ ಗ್ರಾಫನ್ನು ದಿನಾ ನೋಡುತ್ತೇನೆ. ಹಗಲಿನ ಗ್ರಾಫು ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ.

ಎಲ್ಲ ದೂರೂ ಇಕ್ಕಟ್ಟಿನದಲ್ಲ. ಹತ್ತರಲ್ಲಿ ಆರು ಮನೆಯೊಳಗಿನದೇ. ನಮ್ಮ ಕೆಂಪುಕಲ್ಲಿನ ದಪ್ಪ ಗೋಡೆ ವೈಫೈಯನ್ನು ನುಂಗುತ್ತದೆ. ಚಾವಡಿಯಲ್ಲಿ ಮೋಡೆಮ್, ಮೂರು ಗೋಡೆಯಾಚೆ ಟಿವಿ ಇದ್ದರೆ ನೂರು ಮೆಗಾಬಿಟ್‌ನ ಪ್ಲಾನು ಹಾಕಿಸಿಯೂ ಸುಖವಿಲ್ಲ. ಅಂಥಲ್ಲಿ ಪ್ಲಾನು ಹೆಚ್ಚಿಸುವ ಬದಲು ಹತ್ತು ಮೀಟರ್ ಲ್ಯಾನ್ ವಯರ್ ಎಳೆದುಕೊಟ್ಟೆ. ಇನ್ನು ಹೊರಗಿನ ಕಾಟ: ಅಡಿಕೆಗೆ ಮದ್ದು ಬಿಡುವವರ ಪೈಪು ಸಿಕ್ಕಿ ವಯರು ಕಿತ್ತುಬರುವುದು, ತೆಂಗಿನ ಮಡಲು ಬೀಳುವುದು, ಅಳಿಲು ಕಡಿಯುವುದು. ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಿಡಿದಾಗ ಮೈನಸ್ 20 ಡಿಬಿಎಂನ ಆಸುಪಾಸು ಇದ್ದರೆ ನೆಮ್ಮದಿ, ಮೈನಸ್ 27 ದಾಟಿದರೆ ಆ ಮನೆಯಿಂದ ಫೋನು ಬರುವುದು ಖಂಡಿತ. ಗಾಜಿಗೆ ಸಿಡಿಲು ಹಿಡಿಯುವುದಿಲ್ಲ ಎಂಬ ಧೈರ್ಯವೂ ಒಂದು ವರ್ಷ ಕೈಕೊಟ್ಟಿತು. ತುಲಾ ತಿಂಗಳ ಒಂದೇ ಸಂಜೆಯ ಗುಡುಗಿಗೆ ಏಳು ಮೋಡೆಮ್ ಸುಟ್ಟವು. ಗಾಜಿನ ಜೊತೆಗೆ ಆಧಾರಕ್ಕೆಂದು ಓಡುವ ಉಕ್ಕಿನ ತಂತಿಯನ್ನು ಮನೆಯ ಗೋಡೆಯವರೆಗೂ ಒಯ್ದಿದ್ದು ನನ್ನದೇ ಬುದ್ಧಿ. ಈಗ ಅದನ್ನು ಹೊರಗಿನ ಕಂಬದಲ್ಲೇ ಕತ್ತರಿಸಿ ಬಿಡುತ್ತೇವೆ.

2020ರಲ್ಲಿ ಶಾಲೆ ಮುಚ್ಚಿದಾಗ ಇನ್ನೊಂದು ಪಾಠ. ಜೂನ್ 1ರಿಂದ ಕೇರಳದಲ್ಲಿ ಫಸ್ಟ್ ಬೆಲ್ ತರಗತಿಗಳು ವಿಕ್ಟರ್ಸ್ ಚಾನೆಲ್ಲಿನಲ್ಲಿ ಶುರುವಾದವು. ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಪಾಠಗಳು ಸಿಗುತ್ತಿದ್ದದ್ದು ಯೂಟ್ಯೂಬಿನಲ್ಲಿ. ಬೇಕಾದಾಗ ನೋಡಬಹುದು, ತಿಳಿಯದಿದ್ದರೆ ಮತ್ತೆ ನೋಡಬಹುದು, ಅದು ದೊಡ್ಡ ಲಾಭ. ಆದರೆ ಒಂದು ಮನೆಯಲ್ಲಿ ಮೂರು ಮಕ್ಕಳು, ಒಂದೇ ಫೋನು, ಅದೂ ಅಪ್ಪ ಕೆಲಸದಿಂದ ಬಂದ ಮೇಲೆ. ಹಳೆಯ ಟಿವಿ ಮಾತ್ರ ಚಾವಡಿಯಲ್ಲಿ ಸುಮ್ಮನೆ ಕುಳಿತಿತ್ತು. ಮಾಷ್ಟ್ರುಗಳನ್ನು ಕೇಳಿ, ಒಪ್ಪಿಗೆ ಪಡೆದು, ಪಾಠಗಳನ್ನು ಪೆನ್‌ಡ್ರೈವಿನಲ್ಲಿ ತಂದು ನಮ್ಮ ಲೋಕಲ್ ಚಾನೆಲ್ಲಿನಲ್ಲಿ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಹಾಕಿದೆ. ವಿಸಿಆರ್ ಹೋಗಿ ಪೆನ್‌ಡ್ರೈವ್ ಬಂತು, ಕೆಲಸ ಅದೇ. ಎಲ್ಲರಿಗೂ ಒಂದೇ ಬೇಕಾದಾಗ ಎಲ್ಲರಿಗೂ ಒಂದೇ ಪ್ರತಿ ಸಾಕು ಎಂಬುದನ್ನು ನಾನು ಅಷ್ಟರಲ್ಲಿ ಮರೆತೇಬಿಟ್ಟಿದ್ದೆ.

ನೆನಪಾದರೂ ಅದು ಪೂರ್ತಿ ತಲೆಗೆ ಹತ್ತಿರಲಿಲ್ಲ. 2022ರ ಡಿಸೆಂಬರಿನಲ್ಲಿ ನಮ್ಮ ಕೆಳಗಿನ ಗದ್ದೆಯಲ್ಲಿ ಹರಕೆ ಬಯಲಾಟ. ಪ್ರಸಂಗ 'ದೇವಿ ಮಹಾತ್ಮೆ'. ಗಲ್ಫಿನಲ್ಲಿ, ಬೆಂಗಳೂರಿನಲ್ಲಿ ಇರುವ ಊರಿನವರು ಲೈವ್ ಬೇಕೆಂದರು. ಯಕ್ಷಗಾನಕ್ಕೆ ಪಾರ್ತಿಸುಬ್ಬನನ್ನು ಕೊಟ್ಟ ಕುಂಬಳೆ ಸೀಮೆಯವರು ನಾವು, ಇಷ್ಟೂ ಮಾಡದಿದ್ದರೆ ಹೇಗೆ? ಗದ್ದೆಗೆ ಫೈಬರ್ ಎಳೆದು, ಕ್ಯಾಮೆರಾ ಇಟ್ಟು, ಯೂಟ್ಯೂಬಿಗೆ ಏರಿಸಿದೆ. ಪೀಠಿಕೆ, ದೇವೇಂದ್ರನ ಒಡ್ಡೋಲಗ, ಅರ್ಥಗಾರಿಕೆ ಎಲ್ಲ ಕನ್ನಡಿಯ ಹಾಗೆ ಬಂತು. ಮಧ್ಯರಾತ್ರಿ ಕಳೆದು ಮಹಿಷಾಸುರ ಬಂದ. ಜನರ ನಡುವಿನಿಂದ ದೊಂದಿ ಬೀಸುತ್ತಾ, ರಾಳದ ಬೆಂಕಿ ಎಬ್ಬಿಸುತ್ತಾ, ಕೂಗುತ್ತಾ ಬಂದ. ಪರದೆಯ ಮೇಲೆ ಮಾತ್ರ ಬಣ್ಣದ ಚೌಕಗಳು ಕುಣಿದವು. ವಿಡಿಯೋ ಚಿಕ್ಕದಾಗುವುದು, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸುವುದರಿಂದ. ನಿಂತು ಅರ್ಥ ಹೇಳುವ ವೇಷದಲ್ಲಿ ಬದಲಾಗುವುದು ಬಾಯಿ, ಕೈ. ಕಿಡಿ, ಹೊಗೆ, ಕತ್ತಲು, ಜನರ ನೂಕುನುಗ್ಗಲು ಒಟ್ಟಾದರೆ ಪರದೆಯ ಮೂಲೆಮೂಲೆಯೂ ಬದಲಾಗುತ್ತದೆ. ನಾನು ಅರ್ಥಗಾರಿಕೆ ನೋಡಿ 2.5 ಮೆಗಾಬಿಟ್ ಇಟ್ಟಿದ್ದೆ. ನಿಜವಾಗಿ ಮಹಿಷಾಸುರನನ್ನು ನೋಡಿ ಇಡಬೇಕಿತ್ತು.

ಇನ್ನೂ ದೊಡ್ಡ ಪಾಠ ಮರುದಿನ ಬೆಳಿಗ್ಗೆ ಕಾದಿತ್ತು. ಗದ್ದೆಯಿಂದ ಅರ್ಧ ಕಿಲೋಮೀಟರ್ ಮೇಲೆ, ಗುಡ್ಡೆಯ ಬದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮೊಣಕಾಲು ನೋವಿನಿಂದ ಆಟಕ್ಕೆ ಇಳಿಯಲಾಗದೆ ರಾತ್ರಿಯಿಡೀ ಟಿವಿಯಲ್ಲಿ ನೋಡಿದ್ದರು. ಚಾ ಕೊಟ್ಟು ಹೇಳಿದರು:

"ನೋಡು ಮಗಾ, ಗದ್ದೆಯಲ್ಲಿ ಪದ ಮುಗಿದ ಮೇಲೆ ನನ್ನ ಟಿವಿಯಲ್ಲಿ ಶುರು ಆಗುದು. ಚೆಂಡೆ ಎರಡೆರಡು ಸಲ ಕೇಳ್ತದೆ. ಅದು ಎಲ್ಲಿಗೆ ಹೋಗಿ ಬರುದು?"

ನಾನು ವಿವರಿಸಿದೆ. ಚಿತ್ರ ಇಲ್ಲಿಂದ ಕಾಸರಗೋಡಿಗೆ, ಅಲ್ಲಿಂದ ಎಲ್ಲೋ ಇರುವ ಕಂಪ್ಯೂಟರಿಗೆ, ಅಲ್ಲಿ ತುಂಡು ತುಂಡಾಗಿ, ದರ್ಜೆ ದರ್ಜೆಯಾಗಿ, ಮತ್ತೆ ಇಲ್ಲಿಗೆ. ತುಂಡೊಂದು ಆರು ಸೆಕೆಂಡಿನದಾದರೆ, ಮೂರು ತುಂಡು ಕೈಗೆ ಬಂದ ಮೇಲೆಯೇ ಟಿವಿ ತೋರಿಸಲು ಶುರು ಮಾಡುವುದು. ಎಲ್ಲ ಸೇರಿ ಅರ್ಧ ನಿಮಿಷ ತಡ. ಅಜ್ಜಿ ಕೇಳಿ ಮುಗಿಸಿ, "ಗದ್ದೆಯಿಂದ ಇಲ್ಲಿಗೆ ಒಂದು ವಯರು ಎಳೆದರೆ ಆಗುದಿಲ್ವಾ?" ಎಂದರು.

ವಯರು ಇತ್ತು! ಅದೇ ಎಳೆಯಲ್ಲಿ ಟಿವಿಯ ಬೆಳಕೂ ಓಡುತ್ತಿತ್ತು. ರಾತ್ರಿಯ ಲೆಕ್ಕ ತೆಗೆದು ನೋಡಿದೆ. ನನ್ನ ಜಾಲದಲ್ಲೇ ಅರುವತ್ತು ಮನೆಯವರು ಆಟ ನೋಡಿದ್ದರು. ಗದ್ದೆಯಿಂದ ಒಂದು ಪ್ರತಿಯಾಗಿ ಹೋದದ್ದು ಅರುವತ್ತು ಪ್ರತಿಯಾಗಿ, 150 ಮೆಗಾಬಿಟ್ ಆಗಿ, ನಾನು ದುಡ್ಡು ಕೊಡುವ ದಾರಿಯಲ್ಲೇ ವಾಪಸು ಬಂದಿತ್ತು. ನಮ್ಮ ಬಾವಿಯ ನೀರನ್ನು ಪೇಟೆಗೆ ಕಳಿಸಿ ಬಾಟಲಿಯಲ್ಲಿ ಕೊಂಡ ಹಾಗೆ.

ದೊಡ್ಡ ಕಂಪೆನಿಗಳು ಇದನ್ನು ಎಂದೋ ಕಲಿತಿವೆ. ನೆಟ್‌ಫ್ಲಿಕ್ಸ್ 2012ರಿಂದಲೇ ಓಪನ್ ಕನೆಕ್ಟ್ ಎಂಬ ತನ್ನ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪೆನಿಗಳ ಕೋಣೆಯೊಳಗೇ ಇಡುತ್ತಿದೆ. ದಾರಿ ಖಾಲಿಯಿರುವ ಹೊತ್ತಿನಲ್ಲಿ, ನಾಳೆ ಜನ ಕೇಳಬಹುದಾದ ಚಿತ್ರಗಳನ್ನು ಅದಕ್ಕೆ ತುಂಬಿಸಿಡುತ್ತಾರೆ. ಬೆಳಗಿನ ದೋಸೆಗೆ ರಾತ್ರಿಯೇ ಅಕ್ಕಿ ಕಡೆದಿಟ್ಟ ಹಾಗೆ. ಆದರೆ ಆ ಪೆಟ್ಟಿಗೆ ಸೇರುವುದು ಲೋಕವೆಲ್ಲ ಕೇಳುವ ಚಿತ್ರ. ಅರುವತ್ತು ಮನೆ ಕೇಳುವ ಗದ್ದೆಯ ಆಟವನ್ನು ಹತ್ತಿರ ಇಟ್ಟುಕೊಳ್ಳಬೇಕಾದವನು ನಾನೇ.

ಮುಂದಿನ ವರ್ಷದ ಆಟಕ್ಕೆ ಎರಡು ದಾರಿ ಮಾಡಿದೆ. ದೂರದವರಿಗೆ ಯೂಟ್ಯೂಬ್, ಈ ಸಲ 6 ಮೆಗಾಬಿಟ್‌ನಲ್ಲಿ. ಅದು ಅಲ್ಲೇ ಉಳಿಯುತ್ತದೆ. ಕುವೈತಿನಲ್ಲಿರುವವರು ಶುಕ್ರವಾರ ರಜೆಯಲ್ಲಿ ಹಾಕಿಕೊಂಡು, ಮಹಿಷಾಸುರನ ಪ್ರವೇಶವನ್ನು ಮೂರು ಸಲ ನೋಡುತ್ತಾರೆ. ಕೇಳಿದಾಗ ಕೊಡುವ ವ್ಯವಸ್ಥೆಯ ಸೊಗಸು ಅಲ್ಲಿದೆ. ಊರಿನವರಿಗೆ ಗದ್ದೆಯಿಂದ ನೇರ ಕಂಟ್ರೋಲ್ ರೂಮಿಗೆ, ಅಲ್ಲಿಂದ ಲೋಕಲ್ ಚಾನೆಲ್ಲಿಗೆ, ಒಂದೇ ಪ್ರತಿ. ನೋಡುವವರು ಅರುವತ್ತಿರಲಿ, ಇನ್ನೂರಿರಲಿ, ಭಾರ ಅಷ್ಟೇ. ತಡ ಎರಡು ಸೆಕೆಂಡಿಗಿಂತ ಕಡಿಮೆ.

ಆ ರಾತ್ರಿ ಎರಡು ಗಂಟೆಗೆ ಸಿಗ್ನಲ್ ನೋಡುವ ನೆಪದಲ್ಲಿ ಗುಡ್ಡೆ ಹತ್ತಿ ಅಜ್ಜಿಯ ಮನೆಗೆ ಹೋದೆ. ಟಿವಿಯಲ್ಲಿ ಚಿತ್ರ ಓಡುತ್ತಿತ್ತು, ಶಬ್ದ ಪೂರ್ತಿ ಇಳಿಸಿದ್ದರು. ಏನೋ ಕೆಟ್ಟಿದೆ ಎಂದು ರಿಮೋಟಿಗೆ ಕೈ ಹಾಕಿದೆ.

"ಬೇಡ, ಇರಲಿ" ಎಂದು ಕಿಟಿಕಿ ತೋರಿಸಿದರು. ಎರಡೂ ಬಾಗಿಲು ತೆರೆದಿತ್ತು. ಅರ್ಧ ಕಿಲೋಮೀಟರ್ ಗಾಳಿಯಲ್ಲಿ ಬರಲು ಶಬ್ದಕ್ಕೂ ಒಂದೂವರೆ ಸೆಕೆಂಡು ಬೇಕು. ಗದ್ದೆಯ ಚೆಂಡೆ ಕಿಟಿಕಿಯಿಂದ ಬಂತು, ನನ್ನ ಎಳೆಯಲ್ಲಿ ಬಂದ ಮಹಿಷಾಸುರ ಅದಕ್ಕೆ ಹೆಜ್ಜೆ ಹಾಕಿದ. ತಾಳ ತಪ್ಪಲಿಲ್ಲ.