ನೇತ್ರಾಣಿಯ ನೀರು, ನಮ್ಮೂರ ಬಾವಿ: ‘ಒತ್ತಡ’ ಘಟಕದ ಒಂದು ಪಾಠಾನುಭವ

ತರಗತಿ: 8
ವಿಷಯ: ವಿಜ್ಞಾನ
ಘಟಕ: ಬಲ ಮತ್ತು ಒತ್ತಡ (ಉಪಘಟಕ: ದ್ರವಗಳಲ್ಲಿ ಒತ್ತಡ)
ಅವಧಿ: ತಲಾ 40 ನಿಮಿಷದ ಎರಡು ಪಾಠಗಳು

ಹಿನ್ನೆಲೆ

ಅಭ್ಯಾಸ ಬೋಧನೆಗಾಗಿ ನನ್ನನ್ನು ಕಾಗವಾಡ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ಆ ತರಗತಿಯ ಮಕ್ಕಳಲ್ಲಿ ಸಮುದ್ರ ಕಂಡವರು ಮೂವರೇ. ಆದರೆ ನೀರು ಕಾಣದ ಮಗು ಒಂದೂ ಇರಲಿಲ್ಲ. ಕೃಷ್ಣಾ ನದಿ ಹತ್ತಿರವೇ ಹರಿಯುತ್ತದೆ. ಕಬ್ಬಿನ ಹೊಲಗಳಲ್ಲಿ ಆಳದ ಬಾವಿಗಳಿವೆ. ಬೇಸಿಗೆಯಲ್ಲಿ ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು ಈಜು ಕಲಿತ ಮಕ್ಕಳೇ ಹೆಚ್ಚು. 2019ರ ಆಗಸ್ಟ್ ತಿಂಗಳ ನೆರೆಯ ಮಾತು ಅವರ ಮನೆಗಳಲ್ಲಿ ಇನ್ನೂ ನಡೆಯುತ್ತಿರುತ್ತದೆ.

ಹಿಂದಿನ ಡಿಸೆಂಬರಿನಲ್ಲಿ ನಾನು ಗೆಳೆಯರೊಡನೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ತೆರಳಿ, ತರಬೇತುದಾರರ ಜೊತೆ ಮೊದಲ ಬಾರಿ ಸ್ಕೂಬಾ ಡೈವಿಂಗ್ ಮಾಡಿದ್ದೆ. ದ್ರವಗಳ ಒತ್ತಡವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು ಎಂದುಕೊಂಡು ಪಾಠ ಯೋಜನೆ ಸಿದ್ಧಪಡಿಸಿದೆ. ಪೀಠಿಕೆ ಚೆನ್ನಾಗಿಯೇ ನಡೆಯಿತು. ಅದರ ನಡುವೆ ನಾನೊಂದು ತಪ್ಪು ಮಾಡಿದೆ. ಅದನ್ನು ಸಹಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲ ಪಾಠ: ಶುಕ್ರವಾರ

ಕಡಲ ದಂಡೆಯಿಂದ ಪಾಠ ಆರಂಭಿಸಿದೆ. ಇಳಿತದ ಹೊತ್ತಿನಲ್ಲಿ ಮುರುಡೇಶ್ವರದ ಬಂಡೆಗಳ ಸಂದಿಯಲ್ಲಿ ನಿಂತ ನೀರಿನ ಗುಂಡಿಗಳ ಚಿತ್ರಗಳನ್ನು ತೋರಿಸಿದೆ. ಬೇರೊಂದು ಜೀವಿಯ ಖಾಲಿ ಶಂಖವನ್ನು ಮನೆ ಮಾಡಿಕೊಂಡು ಓಡಾಡುವ ಸನ್ಯಾಸಿ ಏಡಿ, ಬಂಡೆಗೆ ಅಂಟಿಕೊಂಡು ಬಾಳುವ ಬಾರ್ನಕಲ್, ಮುಟ್ಟಿದರೆ ಮುದುಡುವ ಹೂವಿನಂಥ ಸೀ ಅನಿಮೋನಿ. “ಇದು ಹೂವೋ, ಪ್ರಾಣಿಯೋ?” ಎಂದು ಕೇಳಿದಾಗ ತರಗತಿ ಎರಡು ಪಾಲಾಯಿತು. ಕುಟುಕುವ ಎಳೆಗಳಿಂದ ಬೇಟೆಯಾಡುವ ಪ್ರಾಣಿ ಎಂದಾಗ ಹೂವೆಂದವರು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು.

ಆಗ ಮುಂದಿನ ಬೆಂಚಿನ ಹುಡುಗಿ ಕೇಳಿದಳು: “ಸರ್ರೀ, ಬಾವಿಗೆ ಮೆಟ್ಟಲಾ ಇಳಿದಂಗ ದಂಡಿಯಿಂದನ ಸಮುದ್ರಕ್ಕ ಇಳೀಬಹುದಲ್ರಿ? ದೋಣಿ ಯಾಕ ಬೇಕ್ರಿ?”

ಒಳ್ಳೆಯ ಪ್ರಶ್ನೆ. ದಂಡೆಯಿಂದಲೇ ನಡೆದು ಇಳಿಯುವ ಡೈವಿಂಗ್ ಇದೆ. ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ‘ನೀಮೊ ರೀಫ್’ ಎಂಬಲ್ಲಿ ಹೊಸಬರು ಮರಳಿನಿಂದಲೇ ನೀರಿಗೆ ನಡೆಯುತ್ತಾರೆ. ಕಾಲಿಗೆ ಈಜುರೆಕ್ಕೆ ಕಟ್ಟಿದ ಮೇಲೆ ಮುಂದಕ್ಕೆ ನಡೆದರೆ ಮುಗ್ಗರಿಸುವುದರಿಂದ ಹಿಮ್ಮುಖವಾಗಿ ಹೆಜ್ಜೆ ಇಡುತ್ತಾರೆ. ಆಳ ಮೆಲ್ಲಗೆ ಹೆಚ್ಚುತ್ತದೆ, ಹವಳಗಳು ದಂಡೆಯ ಹತ್ತಿರವೇ ಸಿಗುತ್ತವೆ. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಹಾಗಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಮಣ್ಣು ತಂದು ಸುರಿಯುತ್ತವೆ. ಅಲೆಗಳು ತಳದ ಮರಳನ್ನು ಕಲಕುತ್ತವೆ. “ಆಗಸ್ಟಿನಲ್ಲಿ ಕೃಷ್ಣೆಯ ನೀರಿನಲ್ಲಿ ಕೈ ಅದ್ದಿದರೆ ಬೆರಳು ಕಾಣುತ್ತದೆಯೇ?” ಎಂದು ಕೇಳಿದೆ. “ಇಲ್ರೀ” ಎಂದರು. ಹವಳದ ದೇಹದೊಳಗೆ ವಾಸಿಸಿ ಅದಕ್ಕೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಗೆ ಬಿಸಿಲು ಬೇಕು. ಆದ್ದರಿಂದ ತಿಳಿನೀರು ಹುಡುಕಿಕೊಂಡು ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ಹೋಗಬೇಕು, ಅದೂ ಮಳೆಗಾಲ ಕಳೆದ ಮೇಲೆ.

ನಂತರ ನೇತ್ರಾಣಿಯ ನೀರೊಳಗಿನ ಚಿತ್ರಗಳು. ಕೊಕ್ಕಿನಂಥ ಹಲ್ಲುಗಳಿಂದ ಬಂಡೆ ಕೆರೆದು ಪಾಚಿ ತಿನ್ನುವ ಗಿಳಿಮೀನು. ಅದರೊಡನೆ ನುಂಗಿದ ಹವಳದ ಪುಡಿಯನ್ನು ಅದು ಮರಳಾಗಿ ಹೊರಹಾಕುತ್ತದೆ ಎಂದಾಗ ಹುಡುಗರು ಬಿದ್ದು ಬಿದ್ದು ನಕ್ಕರು. ಜೋಡಿಯಾಗಿ ತಿರುಗುವ ಚಿಟ್ಟೆಮೀನು. ಬಂಡೆಯ ಬಿರುಕಿನಿಂದ ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚುತ್ತಿದ್ದ ಮೊರೆ ಈಲ್ ಎಂಬ ಹಾವುಮೀನು. ಅದು ಕಚ್ಚಲು ಬರುತ್ತಿದೆ ಎಂದು ನಾನೂ ಹೆದರಿದ್ದೆ. ಅದು ಉಸಿರಾಡುತ್ತಿತ್ತು ಅಷ್ಟೆ. ಬಾಯಿಯಿಂದ ನೀರು ಎಳೆದು ಕಿವಿರುಗಳ ಮೇಲೆ ಹಾಯಿಸುವ ಕ್ರಮ ಅದು. ನನ್ನ ಕೈಯ ಕೆಂಪು ದಾರ ಆಳದಲ್ಲಿ ಕಪ್ಪಾಗಿ ಕಂಡದ್ದನ್ನೂ ಹೇಳಿದೆ. ಬೆಳಕಿನ ಬಣ್ಣಗಳಲ್ಲಿ ಕೆಂಪನ್ನು ನೀರು ಮೊದಲು ಹೀರಿಕೊಳ್ಳುತ್ತದೆ.

ಆ ಪ್ರಶ್ನೆ, ನನ್ನ ಉತ್ತರ

ಬೆನ್ನಿನ ಸಿಲಿಂಡರ್ ತೋರಿಸಿ, 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ ಈ ಉಪಕರಣವನ್ನು ರೂಪಿಸಿದರು ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಸರ್ರೀ, ಅಷ್ಟ ದೊಡ್ಡ ಬಾಟ್ಲಿ ಯಾಕ ಬೇಕ್ರಿ? ಡ್ರಿಪ್ ಪೈಪ್ ಇದ್ರ ಸಾಕಲ್ರಿ. ಒಂದ ತುದಿ ಮ್ಯಾಲ ಕಟ್ಟೂದು, ಒಂದ ತುದಿ ಬಾಯಾಗ ಇಟ್ಕೊಳ್ಳೂದು.”

ಗಡಿಯಾರ ನೋಡಿದೆ. ಏಳು ನಿಮಿಷ ಉಳಿದಿತ್ತು, ಮೌಲ್ಯಮಾಪನದ ಪ್ರಶ್ನೆಗಳು ಬಾಕಿಯಿದ್ದವು. “ಶಾಬಾಸ್, ಒಳ್ಳೆಯ ವಿಚಾರ” ಎಂದು ಹೇಳಿ ಮುಂದೆ ಹೋದೆ. ತರಗತಿ ಅವನಿಗೆ ಚಪ್ಪಾಳೆ ತಟ್ಟಿತು.

ಗಂಟೆ ಬಾರಿಸಿದ ಮೇಲೆ ಅಂಗಳದಲ್ಲಿ ಆ ಹುಡುಗ ತನ್ನ ಇಬ್ಬರು ಗೆಳೆಯರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: “ಆಯಿತವಾರ ನಮ್ಮ ಬಾವ್ಯಾಗ ನೋಡೂಣು. ಪೈಪ್ ಕತ್ತರಿಸಿ ಇಟ್ಟೇನಿ. ಸರ್ ಸೈತ ಚಲೋ ಅಂದಾರ.”

ನನ್ನ ಕೈಕಾಲು ತಣ್ಣಗಾದವು. ಅವನನ್ನು ಕರೆದು ಹೋಗಬೇಡ ಎಂದೆ. “ಯಾಕ್ರಿ?” ಎಂದ. ಒಂದು ಸಾಲಿನಲ್ಲಿ ಹೇಳಲು ನನಗೆ ಬರಲಿಲ್ಲ. ಅಪಾಯ ಎಂದಷ್ಟೇ ಹೇಳಿದರೆ ಅವನು ನಂಬುವ ಮುಖಭಾವದಲ್ಲಿ ಇರಲಿಲ್ಲ, ಚಪ್ಪಾಳೆ ಅವನ ಕಿವಿಯಲ್ಲಿ ಇನ್ನೂ ಇತ್ತು. ಮುಖ್ಯೋಪಾಧ್ಯಾಯರಿಗೆ ವಿಷಯ ತಿಳಿಸಿದೆ. ಅವರು ಕೂಡಲೇ ಮೂವರ ಮನೆಗೂ ಫೋನ್ ಮಾಡಿದರು. ಮರುದಿನದ ಬೆಳಗಿನ ಶಾಲೆಯಲ್ಲಿ ಒಂದು ಅವಧಿಯನ್ನು ನನಗೆ ಬಿಟ್ಟುಕೊಡುವಂತೆ ಮಾರ್ಗದರ್ಶಕ ಶಿಕ್ಷಕರನ್ನು ಕೇಳಿಕೊಂಡೆ. ಅವರು ಒಪ್ಪಿ, ನನ್ನ ಪಾಠ ವೀಕ್ಷಣಾ ಪುಸ್ತಕವನ್ನು ಕೈಗಿತ್ತರು. ಅದರಲ್ಲಿ ಬರೆದಿದ್ದರು: “ಉತ್ತರವನ್ನು ಹೊಗಳಿದಿರಿ, ಪರೀಕ್ಷಿಸಲಿಲ್ಲ.”

ಎರಡನೆಯ ಪಾಠ: ಶನಿವಾರ

ಹುಡುಗನಿಗೆ ಕತ್ತರಿಸಿದ ಪೈಪನ್ನು ಶಾಲೆಗೆ ತರಲು ಹೇಳಿದ್ದೆ. ತಂದಿದ್ದ, ಉದ್ದ ಐದು ಮೀಟರ್. ಪಾಠ ಹೀಗೆ ಆರಂಭವಾಯಿತು: “ನಿನ್ನೆ ನಾನು ಒಳ್ಳೆಯ ವಿಚಾರ ಎಂದೆ. ಲೆಕ್ಕ ಹಾಕದೆ ಹೇಳಿದೆ, ಅದು ನನ್ನ ತಪ್ಪು. ಈಗ ಎಲ್ಲರೂ ಸೇರಿ ಲೆಕ್ಕ ಹಾಕೋಣ.”

ಚಟುವಟಿಕೆ 1: ಪೈಪಿನೊಳಗಿನ ಗಾಳಿ. ಮಕ್ಕಳು ಅಳತೆಪಟ್ಟಿಯಿಂದ ಪೈಪಿನ ಒಳವ್ಯಾಸ ಅಳೆದರು. 14 ಮಿ.ಮೀ., ಅಂದರೆ ತ್ರಿಜ್ಯ 0.7 ಸೆಂ.ಮೀ. ಬಾಯಿಯ ವಿಸ್ತೀರ್ಣ 22/7 × 0.49 = 1.54 ಚದರ ಸೆಂ.ಮೀ. ಅದನ್ನು 500 ಸೆಂ.ಮೀ. ಉದ್ದದಿಂದ ಗುಣಿಸಿದರೆ 770 ಮಿ.ಲೀ. ಸುಮ್ಮನೆ ಕುಳಿತಾಗ ದೊಡ್ಡವರ ಒಂದು ಉಸಿರು ಸುಮಾರು 500 ಮಿ.ಲೀ. “ಹಾಗಾದರೆ ಬಿಟ್ಟ ಉಸಿರು ಪೈಪಿನ ಮೇಲ್ತುದಿ ದಾಟುತ್ತದೆಯೇ?” ದಾಟುವುದಿಲ್ಲ. ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಬೇಕು. ಮೇಲ್ಮೈಯಲ್ಲಿ ಮುಖ ಅದ್ದಿ ಈಜುವವರ ಸ್ನಾರ್ಕೆಲ್ ಕೊಳವೆ ಮೊಳದಷ್ಟೂ ಉದ್ದವಿರುವುದಿಲ್ಲ. ಅದಕ್ಕೆ ಇದೂ ಒಂದು ಕಾರಣ.

ಚಟುವಟಿಕೆ 2: ಎದೆಯ ಮೇಲಿನ ಚೀಲ. ಎದೆಯ ಮೇಲೆ 30 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಒಂದು ಆಯತವನ್ನು ಊಹಿಸಿಕೊಳ್ಳಲು ಹೇಳಿದೆ. ಅದರ ಮೇಲೆ ಒಂದು ಮೀಟರ್ ಎತ್ತರದ ನೀರು ನಿಂತರೆ 45 ಲೀಟರ್, ಅಂದರೆ 45 ಕಿ.ಗ್ರಾಂ. “ಹೆಚ್ಚು ಕಡಿಮಿ ಒಂದ ಸಕ್ಕರಿ ಚೀಲರೀ!” ಎಂದು ಒಬ್ಬ ಕೂಗಿದ. ಎರಡು ಮೀಟರಿಗೆ ಎರಡು ಚೀಲ. ಬಾಯಲ್ಲಿ ಪೈಪ್ ಇದ್ದಾಗ ಶ್ವಾಸಕೋಶದಲ್ಲಿ ಇರುವುದು ಮೇಲಿನ ಬಯಲ ಗಾಳಿ, ಅದರ ಒತ್ತಡ ಹೆಚ್ಚಾಗಿರುವುದಿಲ್ಲ. ಹೊರಗೆ ಒತ್ತುವುದು ಆಳದ ನೀರು. ಈ ವ್ಯತ್ಯಾಸವನ್ನು ಎದೆಯ ಸ್ನಾಯುಗಳೇ ಎತ್ತಬೇಕು. ಮುಳುಗಿ ಈಜುವಾಗ ಎದೆ ಹೀಗೆ ಭಾರವಾಗುವುದಿಲ್ಲವಲ್ಲ ಎಂದು ಒಬ್ಬ ಕೇಳಿದ. ಆಗ ಬಾಯಿ ಮುಚ್ಚಿರುತ್ತದೆ. ಒಳಗಿನ ಗಾಳಿಯೂ ಕುಗ್ಗಿ ನೀರಿನಷ್ಟೇ ಒತ್ತಡಕ್ಕೆ ಬರುತ್ತದೆ.

ಚಟುವಟಿಕೆ 3: ಹಾಲಿನ ಪಾಕೀಟು. ಲೆಕ್ಕವನ್ನು ಎಲ್ಲರೂ ನಂಬಲಿಲ್ಲ. ತೊಳೆದ ಹಾಲಿನ ಪಾಕೀಟನ್ನು ಪೈಪಿನ ಒಂದು ತುದಿಗೆ ದಾರದಿಂದ ಬಿಗಿಯಾಗಿ ಕಟ್ಟಿ, ಗಾಳಿ ಊದಿ ಉಬ್ಬಿಸಿದೆವು. ಪಾಕೀಟು ಶ್ವಾಸಕೋಶ. ಅದನ್ನು ಅಂಗಳದ ನೀರಿನ ಡ್ರಮ್ಮಿನೊಳಗೆ ಒತ್ತಿದೆ. ಮೇಲ್ತುದಿಯನ್ನು ಆ ಹುಡುಗನ ಕೆನ್ನೆಯ ಹತ್ತಿರ ಹಿಡಿಸಿದ್ದೆ. ಪಾಕೀಟು ಮೊಳದಾಳಕ್ಕೆ ಹೋಗುತ್ತಿದ್ದಂತೆ ಅದರ ಗಾಳಿಯೆಲ್ಲ ಪೈಪಿನಿಂದ ಹೊರಬಂದು ಅವನ ಕೆನ್ನೆಗೆ ಬಡಿಯಿತು. ಪಾಕೀಟು ಚಪ್ಪಟೆಯಾಯಿತು. ಪೈಪ್ ತೆರೆದೇ ಇದ್ದರೂ ಮತ್ತೆ ಉಬ್ಬಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಮಾಡಿ ನೋಡಿದರು. ಹುಡುಗ ಎರಡು ಸಲ ಮಾಡಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

“ಹಂಗಾದ್ರ ಬಾಟ್ಲಿ ಗಾಳಿ ಹೆಂಗ ಒಳಗ ಹೋಗತೈತ್ರಿ?”

ಶುಕ್ರವಾರವೇ ತರಗತಿ ಈ ಪ್ರಶ್ನೆಗೆ ಬರಬೇಕಿತ್ತು. ಸಿಲಿಂಡರಿನ ಗಾಳಿ ಬಾಯಿಗೆ ಬರುವ ಮೊದಲು ರೆಗ್ಯುಲೇಟರ್ ಎಂಬ ಕವಾಟವನ್ನು ದಾಟುತ್ತದೆ. ಅದರಲ್ಲಿ ರಬ್ಬರಿನಂಥ ಒಂದು ತೆಳು ಪರದೆ ಇದೆ. ಒಂದು ಬದಿಗೆ ಸುತ್ತಲಿನ ನೀರು, ಇನ್ನೊಂದು ಬದಿಗೆ ಉಸಿರಿನ ಗಾಳಿ. ಉಸಿರೆಳೆದಾಗ ನೀರು ಪರದೆಯನ್ನು ಒಳಗೆ ಒತ್ತುತ್ತದೆ, ಕವಾಟ ತೆರೆಯುತ್ತದೆ, ಎರಡೂ ಬದಿಯ ಒತ್ತಡ ಸರಿಯಾಗುವವರೆಗೆ ಗಾಳಿ ಬರುತ್ತದೆ. ಎಷ್ಟು ಒತ್ತಡದ ಗಾಳಿ ಬೇಕು ಎಂಬುದನ್ನು ನೀರೇ ನಿರ್ಧರಿಸುತ್ತದೆ.

ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಆದ್ದರಿಂದ ಗಾಳಿಯೂ ಎರಡರಷ್ಟು ಖರ್ಚಾಗುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿ 200 ಪಟ್ಟು ಒತ್ತಡಕ್ಕೆ ತುಂಬಿದರೆ 2,400 ಲೀಟರ್ ಗಾಳಿ. ಮೇಲೆ ನಿಮಿಷಕ್ಕೆ 20 ಲೀಟರ್ ಬೇಕೆಂದು ಹಿಡಿದರೆ ಹತ್ತು ಮೀಟರಿನಲ್ಲಿ 40 ಲೀಟರ್. ಮಕ್ಕಳು ತಾವೇ ಭಾಗಿಸಿ 60 ನಿಮಿಷ ಎಂದರು. ಒಂದಷ್ಟು ಗಾಳಿಯನ್ನು ಉಳಿಸಿಕೊಂಡೇ ಮೇಲೆ ಬರಬೇಕಾದ್ದರಿಂದ ನಿಜವಾಗಿ ಸಿಗುವ ಸಮಯ ಇನ್ನೂ ಕಡಿಮೆ ಎಂದು ಸೇರಿಸಿದೆ.

ಆಗ ಮುಂದಿನ ಬೆಂಚಿನ ಹುಡುಗಿ ಮತ್ತೆ ಎದ್ದಳು. “ನೀರಾಗ ಕೊಡಾ ಬೋರಲ ಹಾಕಿದ್ರ ಅದರಾಗ ಗಾಳಿ ಇರತೈತಲ್ರಿ. ಅದನ್ನ ಎಳ್ಕೊಂಡ್ರ?”

ಈ ಸಲ ಶಾಬಾಸ್ ಎನ್ನಲಿಲ್ಲ. “ಪರೀಕ್ಷೆ ಮಾಡೋಣ” ಎಂದೆ. ಕೊಡದೊಳಗಿನ ಗಾಳಿಯನ್ನು ನೀರು ಒತ್ತಿರುತ್ತದೆ, ಹಾಗಾಗಿ ಅದು ಎದೆಯೊಳಗೆ ಹೋಗುತ್ತದೆ. ಅವಳ ವಿಚಾರ ಅಷ್ಟರಮಟ್ಟಿಗೆ ಸರಿ. ಆದರೆ ಹತ್ತು ಮೀಟರಿನಲ್ಲಿ ಮೂರು ಲೀಟರ್ ಎಳೆದುಕೊಂಡು ಬಾಯಿ ಮುಚ್ಚಿ ಮೇಲೆ ಬಂದರೆ? ಸೂಜಿಯಿಲ್ಲದ ಸಿರಿಂಜಿನ ಬಾಯಿ ಮುಚ್ಚಿ ಒತ್ತಿ ಬಿಟ್ಟೆವು. ಕುಗ್ಗಿದ ಗಾಳಿ ಮತ್ತೆ ಹಿಗ್ಗಿತು. ಮೂರು ಲೀಟರ್ ಆರಾಗಲು ಹೊರಡುತ್ತದೆ, ಶ್ವಾಸಕೋಶ ಹರಿಯಬಹುದು. ಆದ್ದರಿಂದಲೇ ಸ್ಕೂಬಾ ಕಲಿಸುವವರು ಹೇಳುವ ಮೊದಲ ನಿಯಮ: ನೀರೊಳಗೆ ಉಸಿರು ಕಟ್ಟಬಾರದು. ಮೇಲೆ ಎಳೆದುಕೊಂಡ ಉಸಿರನ್ನು ಹಿಡಿದು ಮುಳುಗುವವನ ಎದೆಯ ಗಾಳಿ ಮೇಲೆ ಬಂದಾಗ ಮೊದಲಿದ್ದಷ್ಟೇ ಆಗುತ್ತದೆ. ಆಳದಲ್ಲಿ ಎಳೆದ ಗಾಳಿಯ ಲೆಕ್ಕ ಬೇರೆ. ಕೊಡದ ಗಾಳಿಯೂ ನಾಲ್ಕಾರು ಉಸಿರಿಗೆ ಕೆಡುತ್ತದೆ.

ಕೊನೆಯ ಐದು ನಿಮಿಷ ಹಾವುಮೀನಿನ ಚಿತ್ರವನ್ನು ಮತ್ತೆ ತೋರಿಸಿದೆ. ಅದಕ್ಕೆ ಪೈಪೂ ಬೇಡ, ಸಿಲಿಂಡರೂ ಬೇಡ, ಏಕೆ? “ಅದು ನೀರಾಗಿನ ಗಾಳಿನ ತಗೋತೈತ್ರಿ, ಕಿವಿರಿನಾಗ” ಎಂದು ಹಲವರು ಹೇಳಿದರು. ‘ನೀರಿನಲ್ಲಿ ಕರಗಿದ ಆಮ್ಲಜನಕ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಅವಲೋಕನ

ಸೋಮವಾರ ಬೆಳಿಗ್ಗೆ ಮೂವರೂ ಶಾಲೆಗೆ ಬಂದಿದ್ದರು. ಹಾಜರಿ ಕರೆಯುವಾಗ ಆ ಮೂರು ಹೆಸರುಗಳಿಗೆ ಉತ್ತರ ಬರುವವರೆಗೆ ನನಗೆ ಸಮಾಧಾನವಿರಲಿಲ್ಲ.

ನನ್ನ ಟಿಪ್ಪಣಿಯಲ್ಲಿ ಮೂರು ಮಾತು ಬರೆದುಕೊಂಡಿದ್ದೇನೆ.

1. ಮಕ್ಕಳು ಕಾಣದ ಸ್ಥಳದ ಪಾಠವನ್ನು ಅವರು ಕಂಡ ಸ್ಥಳಕ್ಕೆ ತಾವೇ ತರುತ್ತಾರೆ. ನಾನು ನೇತ್ರಾಣಿ ಎಂದಾಗ ಅವರು ಬಾವಿ ಎಂದುಕೊಂಡರು. ಪಾಠ ಯೋಜನೆ ಬರೆಯುವಾಗಲೇ ‘ಇದನ್ನು ಮಗು ಮನೆಯಲ್ಲಿ ಎಲ್ಲಿ ಮಾಡಿ ನೋಡೀತು?’ ಎಂಬ ಸಾಲು ಇರಬೇಕು. ನೀರು, ಬೆಂಕಿ, ವಿದ್ಯುತ್ತಿನ ಪಾಠಗಳಲ್ಲಿ ಇದು ಬಿಡಬಾರದ ಸಾಲು.

2. ಮಗುವಿನ ಪ್ರಶ್ನೆಗೆ ಹೊಗಳಿಕೆ ಪರೀಕ್ಷೆಯ ಬದಲಿಗೆ ಬರಬಾರದು. ಸಮಯವಿಲ್ಲದಿದ್ದರೆ ‘ಇದನ್ನು ನಾಳೆ ಪರೀಕ್ಷಿಸುತ್ತೇವೆ, ಅಲ್ಲಿಯವರೆಗೆ ಯಾರೂ ಮಾಡಬೇಡಿ’ ಎಂದು ಹಲಗೆಯ ಮೂಲೆಯಲ್ಲಿ ಬರೆದಿಡಬಹುದು.

3. ಬೇಡ ಎಂಬ ಮಾತಿಗಿಂತ ಹಾಲಿನ ಪಾಕೀಟು ಹೆಚ್ಚು ಕೆಲಸ ಮಾಡಿತು. ಖರ್ಚು ಏನೂ ಇಲ್ಲ. ಆದರೆ ಡ್ರಮ್ಮಿನ ಹತ್ತಿರ ಶಿಕ್ಷಕರು ಕೊನೆಯವರೆಗೂ ನಿಂತಿರಬೇಕು, ಪೈಪನ್ನು ಯಾರೂ ಬಾಯಿಗೆ ಇಡದಂತೆ ನೋಡಿಕೊಳ್ಳಬೇಕು. ಪಾಠ ಮುಗಿದ ಮೇಲೆ ಪೈಪ್ ಶಾಲೆಯಲ್ಲೇ ಉಳಿಯಲಿ. ನಮ್ಮದು ಈಗ ವಿಜ್ಞಾನದ ಕಪಾಟಿನಲ್ಲಿದೆ, ಪಾಕೀಟಿನ ಸಮೇತ.