ಭತ್ತದ ಪೈರು ರೋಗಾಣುವನ್ನು ಗುರುತಿಸುವ ಬಗೆ

ದುಂಡಾಣು ಅಂಗಮಾರಿ ರೋಗ ಭತ್ತದ ಬೆಳೆಗಾರರಿಗೆ ಹೊಸದಲ್ಲ. ಎಲೆಯ ತುದಿಯಿಂದ ಅಂಚಿನಗುಂಟ ಹಳದಿ ಪಟ್ಟೆ ಇಳಿದು, ಕ್ರಮೇಣ ಗದ್ದೆಯೇ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಹರಡಿದ ಮೇಲೆ ಸಿಂಪರಣೆಯಿಂದ ಹೆಚ್ಚು ಫಲವಿಲ್ಲ. ಆದರೆ ಬದುವಿನಾಚೆ ಬೇರೊಂದು ತಳಿ ಹಸಿರಾಗಿಯೇ ನಿಂತಿರುವುದುಂಟು. ಕಾರಣವೇನು?

ದನಕರುಗಳ ರಕ್ತದಲ್ಲಿ ರೋಗಾಣುಗಳನ್ನು ಹುಡುಕಿ ನುಂಗುವ ಬಿಳಿ ಕಣಗಳಿವೆ. ಪೈರಿಗೆ ಅಂತಹ ಓಡಾಡುವ ಕಾವಲುಗಾರರಿಲ್ಲ. ಪ್ರತಿ ಜೀವಕೋಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಇದಕ್ಕಾಗಿ ಕೋಶದ ಪೊರೆಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳಿರುತ್ತವೆ. ಇವುಗಳ ಒಂದು ತುದಿ ಪೊರೆಯ ಹೊರಗೆ, ಇನ್ನೊಂದು ಒಳಗೆ. ರೋಗಾಣು ಸ್ರವಿಸುವ ನಿರ್ದಿಷ್ಟ ವಸ್ತುವೊಂದು ಬೀಗಕ್ಕೆ ಕೀಲಿಯಂತೆ ಹೊರತುದಿಗೆ ಕೂಡಿದೊಡನೆ ಒಳತುದಿ ಚುರುಕಾಗಿ, ಪಕ್ಕದ ಪ್ರೋಟೀನುಗಳಿಗೆ ರಂಜಕದ ಅಂಶವನ್ನು ಅಂಟಿಸುತ್ತದೆ. ಅವು ಮುಂದಿನವಕ್ಕೆ ಸುದ್ದಿ ದಾಟಿಸುತ್ತವೆ. ಸುದ್ದಿ ಕೋಶಕೇಂದ್ರವನ್ನು ಮುಟ್ಟಿದಾಗ ರಕ್ಷಣಾ ವಸ್ತುಗಳ ತಯಾರಿ ಆರಂಭವಾಗುತ್ತದೆ. (ಹಾಗೆಂದು ರಂಜಕದ ಗೊಬ್ಬರ ಹೆಚ್ಚು ಹಾಕಿದರೆ ರೋಗ ನಿಲ್ಲುತ್ತದೆಂದು ತಿಳಿಯಬೇಡಿ!)

ಆಫ್ರಿಕದ ಮಾಲಿ ದೇಶದ ಕಾಡುಭತ್ತವೊಂದು ಭಾರತದ ಅಂಗಮಾರಿ ರೋಗಾಣುಗಳನ್ನು ತಡೆಯಬಲ್ಲದೆಂದು 1977ರಲ್ಲಿ ಕಟಕ್‌ನಲ್ಲಿ ಕಂಡುಬಂತು. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಸಂಕರಣದಿಂದ ಆ ಗುಣವನ್ನು ನಾಡಭತ್ತಕ್ಕೆ ತಂದರು. ಅದರ ವಂಶವಾಹಿಗೆ ಎಕ್ಸ್‌ಎ 21 ಎಂದು ಹೆಸರು. ಅದು ಇಂತಹ ಗ್ರಾಹಕವೊಂದನ್ನು ರೂಪಿಸುತ್ತದೆಂಬುದು 1995ರಲ್ಲಿ ತಿಳಿಯಿತು; ಬೀಗಕ್ಕೆ ಹೊಂದುವ ಕೀಲಿ ಯಾವುದೆಂದು ತಿಳಿಯಲು 2015ರವರೆಗೆ ಕಾಯಬೇಕಾಯಿತು.

ರೋಗಾಣುವೂ ಸುಮ್ಮನಿರುವುದಿಲ್ಲ. ಆ ವಸ್ತುವಿನ ರೂಪ ತುಸು ಬದಲಾದರೂ ಗ್ರಾಹಕಕ್ಕೆ ಗುರುತು ಸಿಗದು. ಆದ್ದರಿಂದಲೇ ಹೈದರಾಬಾದಿನ ವಿಜ್ಞಾನಿಗಳು ಬಿ.ಪಿ.ಟಿ. 5204 ತಳಿಗೆ ಇದರೊಂದಿಗೆ ಬೇರೆ ಬಗೆಯಲ್ಲಿ ಕೆಲಸಮಾಡುವ ಇನ್ನೆರಡು ನಿರೋಧಕ ವಂಶವಾಹಿಗಳನ್ನೂ ಸೇರಿಸಿದರು. ಈ ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಬಿಡುಗಡೆಯಾಯಿತು. ಕಾಳು ಮೂಲ ತಳಿಯಂತೆ ಸಣ್ಣದು. ರೋಗ ಪದೇ ಪದೇ ಬರುವ ಕಡೆ ಔಷಧಿಗೆ ಹಣ ಸುರಿಯುವುದಕ್ಕಿಂತ ಇಂತಹ ತಳಿ ಬೆಳೆಯುವುದೇ ಲೇಸೆಂದು ನನ್ನ ಅಭಿಪ್ರಾಯ.

ಒಂದು ಮಾತನ್ನು ಮಾತ್ರ ನೆನಪಿಡಿ. ಎಕ್ಸ್‌ಎ 21ರ ಕಾವಲು ಎಳೆಯ ಸಸಿಯಲ್ಲಿ ದುರ್ಬಲ. ಪೈರು ಬಲಿತಂತೆ ಅದೂ ಬಲಿಯುತ್ತದೆ. ಆದ್ದರಿಂದ ನಾಟಿ ಮಾಡುವಾಗ ಸಸಿಯ ತುದಿ ಕತ್ತರಿಸಬೇಡಿ, ಗಾಯದ ಮೂಲಕ ರೋಗಾಣು ಒಳಸೇರುತ್ತದೆ. ಯೂರಿಯಾವನ್ನು ಒಂದೇ ಸಲಕ್ಕೆ ಸುರಿಯದೆ ಕಂತುಗಳಲ್ಲಿ ಕೊಡಿ. ರೋಗ ಬಂದ ಗದ್ದೆಯ ನೀರನ್ನು ಕೆಳಗಿನ ಗದ್ದೆಗೆ ಹರಿಯಬಿಡಬೇಡಿ.