ಬಾಡಿಗೆ ಮನೆಯ ಅಂಗಳದ ಕಾರಿಗೆ ಎಂಥ ಸೂರು?

ಪ್ರಶ್ನೆ: ಉಡುಪಿಯ ಬಾಡಿಗೆ ಮನೆಯಲ್ಲಿದ್ದೇವೆ. ಶೆಡ್ ಕಟ್ಟಿಸಲು ಮಾಲೀಕರ ಒಪ್ಪಿಗೆಯಿಲ್ಲ. ಕಾರಿಗೆ ಬಿಚ್ಚಿ ಒಯ್ಯಬಹುದಾದ ಎಂಥ ಸೂರು ಕೊಳ್ಳಲಿ?

ಉತ್ತರ: ಮೊದಲು ಚೌಕಟ್ಟು ನೋಡಿ, ಆಮೇಲೆ ಹೊದಿಕೆ. ಕರಾವಳಿಯ ಉಪ್ಪುಗಾಳಿಗೆ ಬರೀ ಬಣ್ಣ ಬಳಿದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ; ಜಿಐ ಪೈಪನ್ನೇ ಕೇಳಿ. ಚಾವಣಿ ಚಪ್ಪಟೆಯಾಗಿರಬಾರದು. ಒಂದು ಚದರ ಮೀಟರ್ ಜಾಗದಲ್ಲಿ 5 ಸೆಂ.ಮೀ. ನೀರು ನಿಂತರೂ 50 ಕಿಲೊ ಭಾರ, ಪೈಪು ಬಾಗುತ್ತದೆ. ಇಳಿಜಾರು ಚೆನ್ನಾಗಿರಲಿ, ಹೊದಿಕೆ ದಪ್ಪ ಪಿವಿಸಿಯದಾಗಿರಲಿ.

4 ಮೀಟರ್ ಉದ್ದದ ಕಾರಿಗೆ 5 ಮೀಟರ್ ಉದ್ದ, 3 ಮೀಟರ್ ಅಗಲದ ಸೂರು ಬೇಕು. ಬಾಗಿಲು ತೆರೆದು ಇಳಿಯಬೇಕಲ್ಲ. ಬದಿಗಳು ತೆರೆದಿರಲಿ. ಎಲ್ಲ ಕಡೆ ಮುಚ್ಚಿದರೆ ತೇವ ಒಳಗೇ ಉಳಿದು ಸೀಟಿಗೆ ಬೂಷ್ಟು ಹಿಡಿಯುತ್ತದೆ, ಗಾಳಿಯ ಹೊಡೆತವೂ ಹೆಚ್ಚು.

ಮಳೆಗೆ ಮಣ್ಣು ನೆನೆದಾಗ ಗೂಟ ಸಡಿಲವಾಗುತ್ತದೆ. ಹಾಗಾಗಿ ಕಾಲುಗಳನ್ನು ಭಾರದ ಕಾಂಕ್ರೀಟ್ ದಿಮ್ಮಿಗಳಿಗೆ ಬೋಲ್ಟ್ ಹಾಕಿಸಿ. ತೆಂಗಿನ ಮರದ ಬುಡ ಖಂಡಿತ ಬೇಡ. ಬೀಳುವ ಕಾಯಿಯನ್ನು ಈ ಚಾವಣಿ ತಡೆಯದು. ಬಿರುಗಾಳಿಯ ಮುನ್ಸೂಚನೆ ಬಂದ ದಿನ ಹೊದಿಕೆ ಬಿಚ್ಚಿಡಿ. ನೆನೆದ ಕಾರು ಒಣಗುತ್ತದೆ, ಚೌಕಟ್ಟು ಮಗುಚಿದರೆ ಗಾಜು ಉಳಿಯುವುದಿಲ್ಲ.